ಮಳೆ ಬರೆದುಕೊಳ್ಳುತ್ತಿದ್ದ ಡಬ್ಬ

ಸಣ್ಣಸ್ವಾಮಿಯವರು ಮೂವತ್ತು ವರ್ಷ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಕೆಲಸ ಬಿಟ್ಟು ಕುಶಾಲನಗರದ ಹತ್ತಿರದ ಸ್ವಂತ ಮನೆಗೆ ಬಂದ ಮೇಲೂ ಬೆಳಿಗ್ಗೆ ಎದ್ದು ಮಳೆ ಅಳೆಯುವ ಚಾಳಿ ಹೋಗಲಿಲ್ಲ. ಇಂಚಿನ ನೂರರಲ್ಲೊಂದು ಪಾಲಿಗೆ ತೋಟದವರು ಸೆಂಟ್ ಎನ್ನುತ್ತಾರೆ. ಎಷ್ಟು ಸೆಂಟ್ ಬಿದ್ದಿದೆ ಎಂದು ಪುಸ್ತಕದಲ್ಲಿ ಬರೆದ ಮೇಲೆಯೇ ಅವರು ದೇವರಿಗೆ ದೀಪ ಹಚ್ಚುತ್ತಿದ್ದುದು.

ಮಗ ಲೋಹಿತ್ ಊರಿನಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮನೆಯಲ್ಲಿ ಒಂದೇ ತೆರನ ಎರಡು ಕರಿ ಡಬ್ಬಗಳು. ಒಂದು ಮನೆಯವರು ಬಳಸುವ ಕಂಪ್ಯೂಟರ್. ಇನ್ನೊಂದು ಅವನು ಬರೆದ ಪ್ರೋಗ್ರಾಮುಗಳನ್ನು ಓಡಿಸಿ ನೋಡುವ ಟೆಸ್ಟ್ ಸರ್ವರ್. ಅದಕ್ಕೆ ಬಿಳಿ ಟೇಪ್ ಅಂಟಿಸಿ ‘ಮುಟ್ಟಬೇಡಿ’ ಎಂದು ಬರೆದಿದ್ದ. ಅಪ್ಪನ ಮಳೆಗೂ ಅದರಲ್ಲೊಂದು ಜಾಗ ಮಾಡಿಟ್ಟಿದ್ದ. ಎಷ್ಟು ಸೆಂಟ್ ಎಂದು ಒತ್ತಿದರೆ ಪರದೆಯ ಮೇಲೆ ಉತ್ತರ ಬರುತ್ತಿತ್ತು: “ಬರ್ಕೊಂಡೆ ಕಣಪ್ಪಾ, ಹೋಗಿ ಕಾಫಿ ಕುಡಿ.” ಸೊನ್ನೆ ಒತ್ತಿದರೆ, “ಇವತ್ತೂ ಇಲ್ವಾ? ಮಳೆ ಡಬ್ಬಿ ತೂತಾಗಿದ್ಯಾ ನೋಡು.”

ಹೋದ ವರ್ಷ ಶ್ರಾವಣದಲ್ಲಿ ಲೋಹಿತ್‌ನ ಬೈಕು ಮರಕ್ಕೆ ಬಡಿಯಿತು. ಅವನು ಹೋದ, ಉತ್ತರ ಬರುವುದು ನಿಲ್ಲಲಿಲ್ಲ. ಪ್ರತಿ ಬೆಳಿಗ್ಗೆ ಹೆಂಡತಿ ಚಲುವಮ್ಮ ಅಡುಗೆಮನೆಯಿಂದಲೇ ಕೇಳುವರು, “ಏನಂದ ಮಗ?” ಇವರು ಓದಿ ಹೇಳುವರು. ಆಮೇಲೆ ಒಲೆಯ ಮೇಲಿನ ಕಾಫಿ ಇಳಿಯುವುದು. ಆ ಮನೆಯಲ್ಲಿ ಬದುಕಿಗೆ ಉಳಿದಿದ್ದ ಆಸರೆ ಅಷ್ಟೇ.

ಈ ವರ್ಷ ಮನೆಯ ಕಂಪ್ಯೂಟರಿನ ವಿಂಡೋಸಿಗೆ ಇನ್ನು ರಕ್ಷಣೆ ಸಿಗುವುದಿಲ್ಲ ಎಂಬ ಸೂಚನೆ ಬರತೊಡಗಿತು. ಲೋಹಿತ್‌ನ ಗೆಳೆಯ, ಈಗ ಅವನ ಅಂಗಡಿ ನಡೆಸುವ ಪ್ರಜ್ಞೇಶ್, ವಿಂಡೋಸಿನ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕೋಣವೆಂದು ಅದರ ಎರಡು ಬಗೆಯನ್ನು ಎರಡು ಪೆನ್‌ಡ್ರೈವಿನಲ್ಲಿ ತಂದ. ಒಂದರಲ್ಲಿ ಮಿಂಟ್, ಒಂದರಲ್ಲಿ ಡೆಬಿಯನ್. ಮಿಂಟ್ ನೋಡಲು ವಿಂಡೋಸಿನ ಹಾಗೇ ಇರುತ್ತದೆ, ವಯಸ್ಸಾದವರಿಗೆ ಸಲೀಸು ಎಂದ. ಡೆಬಿಯನ್ ಗಟ್ಟಿ, ಬೇಗ ಬದಲಾಗುವುದಿಲ್ಲ, ಆದರೆ ಹಾಕುವಾಗ ಪ್ರಶ್ನೆ ಜಾಸ್ತಿ.

“ಸರ್ವರಿನಲ್ಲಿ ಅವನು ಹಾಕಿರೋದು ಯಾವ್ದು?” ಎಂದು ಸಣ್ಣಸ್ವಾಮಿ ಕೇಳಿದರು.

“ಡೆಬಿಯನ್ನು.”

“ಹಂಗಾದ್ರೆ ಅದೇ ಇರ್ಲಿ. ಒಂದು ಮನೇಲಿ ಎರಡು ಮನೆದೇವ್ರು ಯಾಕೆ?”

“ನೀವು ಅವನಿಗಿಂತ ಹಠಮಾರಿ, ಅಂಕಲ್,” ಎಂದು ಪ್ರಜ್ಞೇಶ್ ನಕ್ಕ. ಮನೆ ಕಂಪ್ಯೂಟರಿನಲ್ಲಿದ್ದ ಫೋಟೋಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಂಡ. ಬ್ಯಾಂಕಿನ ಕಾಗದಗಳಿರುವುದರಿಂದ ಡಿಸ್ಕಿಗೆ ಬೀಗ ಹಾಕುವ ಆಯ್ಕೆ ಒತ್ತಬೇಕೆಂದ. ಆಯುಧಪೂಜೆಯ ಮಾರನೆಯ ದಿನ ಬಂದು ತಾನೇ ಹಾಕಿಕೊಡುತ್ತೇನೆಂದರೆ ಸಣ್ಣಸ್ವಾಮಿ ಕೇಳಲಿಲ್ಲ. ವಿಜಯದಶಮಿ, ಹೊಸದನ್ನು ಶುರುಮಾಡುವ ದಿನ. ಮಗನ ವಿದ್ಯೆಯನ್ನು ತನ್ನ ಕೈಯಿಂದಲೇ ಮುಟ್ಟಬೇಕೆಂಬ ಆಸೆ ಅವರಿಗೆ. ಒತ್ತಬೇಕಾದ ಗುಂಡಿಗಳನ್ನು ಒಂದೊಂದಾಗಿ ಬರೆಸಿಕೊಂಡರು.

ಸಾವಾದ ವರ್ಷ ಹಬ್ಬವಿರಲಿಲ್ಲ. ಈ ಸಲ ಆಯುಧಪೂಜೆಗೆ ಚಲುವಮ್ಮ ಎರಡೂ ಡಬ್ಬಗಳ ವೈರು ಬಿಚ್ಚಿಸಿ, ಒರೆಸಿ, ಮಣೆಯ ಮೇಲೆ ಕೂರಿಸಿ, ವಿಭೂತಿ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರು.

ವಿಜಯದಶಮಿಯ ಬೆಳಿಗ್ಗೆ ಸ್ನಾನ ಮಾಡಿ, ಕೈಮುಗಿದು, ಸಣ್ಣಸ್ವಾಮಿ ಈಚೆ ತುದಿಯ ಡಬ್ಬ ನೋಡಿದರು. ಟೇಪ್ ಇರಲಿಲ್ಲ. ಅದನ್ನೇ ಪರದೆಗೆ ಜೋಡಿಸಿ, ಪೆನ್‌ಡ್ರೈವ್ ಸಿಕ್ಕಿಸಿ, ಚೀಟಿಯಲ್ಲಿದ್ದಂತೆ ಒತ್ತಿದರು. ಇಡೀ ಡಿಸ್ಕ್ ಅಳಿಸಲೇ ಎಂದು ಕೇಳಿತು. ಅಳಿಸು ಎಂದರು. ಮಧ್ಯಾಹ್ನದವರೆಗೂ ಅದು ಅಳಿಸಿತು. ಅಷ್ಟು ಹೊತ್ತೂ ಅವರು ಪಕ್ಕದಲ್ಲಿ ಕೂತು ಜಪ ಮಾಡಿದರು.

ಆಮೇಲೆ ಎರಡನೆಯ ಡಬ್ಬದ ಹಾರ ಸರಿಸಿದರು. ಅದರಲ್ಲೂ ಟೇಪ್ ಇರಲಿಲ್ಲ. ಪರದೆಗೆ ಜೋಡಿಸಿದರೆ ವಿಂಡೋಸ್ ಬಂತು.

ಅಳಿಸಿದ್ದು ಮಗನ ಸರ್ವರನ್ನು. ಅವರು ಪ್ರಜ್ಞೇಶನಿಗೆ ಫೋನ್ ಮಾಡಿದರು. ಪ್ರಜ್ಞೇಶ್ ಓಡಿಬಂದು ಸಂಜೆಯವರೆಗೆ ಹುಡುಕಿದ. ಬೀಗದ ಆಯ್ಕೆ ಹಳೆಯದರ ಮೇಲೆಲ್ಲ ಗೀಚಿ ಹೋಗುತ್ತದೆ, ಏನೂ ಉಳಿಯುವುದಿಲ್ಲ ಎಂದ. ಸರ್ವರಿನ ಪ್ರತಿ ಅವನ ಬಳಿಯೂ ಇರಲಿಲ್ಲ. ಮುಟ್ಟದ ವಸ್ತುವಿಗೆ ಏನಾದೀತು ಎಂದುಕೊಂಡಿದ್ದನಂತೆ. ಮಳೆಯ ಅಂಕಿಗಳು ಪುಸ್ತಕದಲ್ಲಿದ್ದವು. ಮಗ ಎಲ್ಲಿಯೂ ಇರಲಿಲ್ಲ.

ಅವನನ್ನು ಕಳಿಸಿ ಒಳಗೆ ಬಂದಾಗ, ವಿಷಯ ಗೊತ್ತಿಲ್ಲದ ಚಲುವಮ್ಮ ಹೂವಿನ ಎಸಳು ಗುಡಿಸುತ್ತಿದ್ದರು.

“ಆ ಟೇಪಿನ ಕೊಳೆ ನೋಡ್ಬೇಕಿತ್ತು ನೀವು. ಮಗನ ಡಬ್ಬಕ್ಕೆ ಕುಂಕುಮ ಹಚ್ಚಕ್ಕೆ ಜಾಗ ಇರ್ಲಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ತೆಗ್ದೆ. ಈಗ ಎಷ್ಟು ಚೆನ್ನಾಗದೆ.”

ಸಣ್ಣಸ್ವಾಮಿ ಬಾಯಿ ತೆರೆದರು. ಹೇಳಿದರೆ ಆಕೆ ಎರಡನೆಯ ಸಲ ಮಗನನ್ನು ಕಳೆದುಕೊಳ್ಳುವರು. ಅದೂ ಟೇಪ್ ಕಿತ್ತ ತನ್ನ ಕೈಯಿಂದಲೇ ಎಂದು ತಿಳಿದು. “ಚೆನ್ನಾಗದೆ,” ಎಂದರು.

ಮಾರನೆಯ ಬೆಳಿಗ್ಗೆ ಹನ್ನೆರಡು ಸೆಂಟ್ ಮಳೆ. ಪುಸ್ತಕದಲ್ಲಿ ಬರೆದು, ಹೊಸ ಡೆಬಿಯನ್ನಿನ ಖಾಲಿ ಪರದೆಯ ಮುಂದೆ ಕೂತರು. ದೇವರಿಗೆ ದೀಪ ಹಚ್ಚಲು ಕೈ ಏಳಲಿಲ್ಲ. ತಾನು ಹಿಡಿದ ವ್ರತಗಳಲ್ಲಿ ಯಾವುದು ತಪ್ಪಿತ್ತು ಎಂದು ಕೇಳಬೇಕೆನಿಸಿತು, ಕೇಳಲೂ ಮನಸ್ಸಾಗಲಿಲ್ಲ.

“ಏನಂದ ಮಗ?” ಅಡುಗೆಮನೆಯಿಂದ ದನಿ ಬಂತು.

ಅವರು ಖಾಲಿ ಪರದೆ ನೋಡಿಕೊಂಡು, ಓದಿದಂತೆ ಹೇಳಿದರು.

“ಬರ್ಕೊಂಡನಂತೆ. ಕಾಫಿ ಕುಡಿ ಅಂದ.”

ಲೋಟದ ಸದ್ದು ಕೇಳಿಸಿತು. ನಾಳೆಯೂ ಬೆಳಗಾಗುತ್ತದೆ, ನಾಳಿದ್ದೂ ಆಗುತ್ತದೆ, ಎಲ್ಲ ಬೆಳಗಿನಲ್ಲೂ ಇದನ್ನೇ ಹೇಳಬೇಕು ಎಂದು ಸಣ್ಣಸ್ವಾಮಿಗೆ ಆಗ ಹೊಳೆಯಿತು.