ಸೌಭಾಗ್ಯಳ ಕೈಯಲ್ಲಿದ್ದ ಒಂದೇ ಮಾತ್ರೆ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಂಸ್ಥೆ ಎರಡು ಕೋಣೆಯ ಚಿಕಿತ್ಸಾ ಕೇಂದ್ರ ನಡೆಸುತ್ತಿತ್ತು. ಅಲ್ಲಿ ಸೌಭಾಗ್ಯಳೇ ನರ್ಸು, ಅವಳೇ ಗುಮಾಸ್ತೆ. ಡಾಕ್ಟರು ವಾರಕ್ಕೆರಡು ಸಲ ಯಾದಗಿರಿಯಿಂದ ಬಂದು ಹೋಗುತ್ತಿದ್ದರು. ದಿನಾ ಬೆಳಿಗ್ಗೆ ಬರುವ ಹನ್ನೊಂದು ಮಂದಿಗೆ ಅವಳು ಚಟ ಬಿಡಿಸುವ ಬುಪ್ರೆನಾರ್ಫಿನ್ ಮಾತ್ರೆ ಪುಡಿ ಮಾಡಿ ನಾಲಿಗೆಯಡಿ ಹಾಕಿ, ಕರಗುವ ತನಕ ಎದುರಿಗೇ ಕೂಡಿಸಿಕೊಳ್ಳುತ್ತಿದ್ದಳು. ಎಲ್ಲರೂ ನೋವಿನ ಮಾತ್ರೆಯ ಚಟಕ್ಕೆ ಬಿದ್ದು, ಅದನ್ನೇ ಅರೆದು ನರಕ್ಕೆ ಚುಚ್ಚಿಕೊಳ್ಳುತ್ತಿದ್ದವರು. ಈ ಔಷಧಿ ಒಳಗೆ ಹೋದ ದಿನ ಮೈ ನಡುಗುತ್ತಿರಲಿಲ್ಲ, ಸೂಜಿಯ ನೆನಪು ಕಾಡುತ್ತಿರಲಿಲ್ಲ.

ಅವರಲ್ಲಿ ಭೀಮರಾಯ ಭತ್ತ ಕೊಯ್ಯುವ ಮಿಷಿನ್ನಿನ ಡ್ರೈವರ್. ಸುಗ್ಗಿಯಲ್ಲಿ ಹಗಲಿಡೀ ಸೀಟಿನ ಮೇಲೆ ಕುಲುಕಿ ಬೆನ್ನು ಹಿಡಿದಾಗ ಯಾರೋ ಕೊಟ್ಟ ಮಾತ್ರೆಯಿಂದ ಶುರುವಾಗಿತ್ತು. ಕೇಂದ್ರಕ್ಕೆ ಬಂದು ಐದು ತಿಂಗಳಲ್ಲಿ ಕೆನ್ನೆ ತುಂಬಿಕೊಂಡಿತ್ತು. ಹೆಂಡತಿ ಲಕ್ಷ್ಮಿ ಒಮ್ಮೆ ಬಂದು, "ಈಗ ಮಕ್ಕಳ ಹೆಸರು ಹಿಡಿದು ಕರೀತಾನ್ರಿ ಅಕ್ಕಾರ," ಎಂದು ಕಣ್ಣೊರೆಸಿಕೊಂಡಿದ್ದಳು.

ನವೆಂಬರಿನಲ್ಲಿ ಔಷಧಿ ಬರಲಿಲ್ಲ. ಸೌಭಾಗ್ಯ ಸಂಸ್ಥೆಯ ಕಚೇರಿಗೆ ಫೋನ್ ಮಾಡಿದಾಗಲೆಲ್ಲ "ಸೋಮವಾರ ಬರ್ತದ" ಎಂಬ ಉತ್ತರ. ಸೋಮವಾರಗಳು ಎರಡು ಕಳೆದವು. ಡಾಕ್ಟರು ಎಲ್ಲರ ಪ್ರಮಾಣ ಅರ್ಧಕ್ಕೆ ಇಳಿಸಿದರು, ಆಮೇಲೆ ಅದರರ್ಧಕ್ಕೆ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಭೀಮರಾಯ ಮಾತ್ರ ಬಿಡಲಿಲ್ಲ. ಮೂಗು ಸೋರುತ್ತ, ಕಾಲು ಸೆಳೆದುಕೊಳ್ಳುತ್ತ ಬಂದು ಬೆಂಚಿನ ಮೇಲೆ ಮುದುಡಿ ಕೂಡುತ್ತಿದ್ದ. ಸೌಭಾಗ್ಯ ಹೇಳಿದ್ದಕ್ಕೆ ಕಲಬುರ್ಗಿಯ ಇಂಥದೇ ಕೇಂದ್ರಕ್ಕೂ ಹೋಗಿ ಬಂದ. ಹೊಸಬರನ್ನು ಗುರುವಾರ ಮಾತ್ರ ನೋಡುವುದೆಂದು ಅಲ್ಲಿಂದ ವಾಪಸ್ ಕಳಿಸಿಬಿಟ್ಟಿದ್ದರು.

ಬುಧವಾರ ಡಬ್ಬಿಯಲ್ಲಿ ಒಂದೇ ಮಾತ್ರೆ ಉಳಿಯಿತು. ಬೆಂಚಿನ ಮೇಲೆ ಇಬ್ಬರಿದ್ದರು: ಭೀಮರಾಯ ಮತ್ತು ಆರು ತಿಂಗಳ ಬಸುರಿ ಗುಲ್ನಾಜ್. ಅವಳಿಗೆ ಔಷಧಿ ಒಮ್ಮೆಲೇ ನಿಂತರೆ ಹೊಟ್ಟೆಯ ಕೂಸಿಗೆ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

"ಅರ್ಧಾರ ಕೊಡ್ರಿ ಸಿಸ್ಟರ್," ಎಂದ ಭೀಮರಾಯ. "ನಾಳಿ ಕಲಬುರ್ಗಿ ಮುಟ್ಟೋ ತನಕ ಸಾಕ್ರಿ."

"ಇಲ್ಲ ತಮ್ಮಾ. ಇದು ಆಕಿಗೇ ಕಮ್ಮಿ ಬೀಳ್ತದ."

ಅವನು ಗುಲ್ನಾಜಳ ಹೊಟ್ಟೆಯ ಕಡೆ ನೋಡಿದ. "ಆಯ್ತು, ಅಕ್ಕಗೇ ಕೊಡ್ರಿ," ಎಂದು ಎದ್ದು ಹೋದ. ಜಗಳವಾಡಿದ್ದರೆ ಸೌಭಾಗ್ಯಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮಾತ್ರೆ ಪುಡಿ ಮಾಡಿ ಗುಲ್ನಾಜಳ ನಾಲಿಗೆಯಡಿ ಹಾಕಿದಳು.

ಮರುದಿನ ಮಧ್ಯಾಹ್ನ ಔಷಧಿ ಬಂತು. ಒಂದಲ್ಲ, ಮೂರು ಪೆಟ್ಟಿಗೆ. ಅವಳು ಎಲ್ಲರಿಗೂ ಫೋನ್ ಹಚ್ಚಿದಳು. ಭೀಮರಾಯ ಎತ್ತಲಿಲ್ಲ. ಶನಿವಾರ ಲಕ್ಷ್ಮಿ ಬಂದಳು, ತಲೆ ಬಾಚಿರಲಿಲ್ಲ.

"ಕಲಬುರ್ಗಿಗಿ ಹೋಗೇ ಇಲ್ರಿ. ಕೊಂಕಲ್‌ದಾಗ ಮಿಷಿನ್ ನಿಂತದ, ಅದರ ಶೆಡ್ಡಿನಾಗ ಬಿದ್ದಾನ. ಮತ್ತ ಸೂಜಿ ಹಿಡದಾನ್ರಿ. ಗುಳಿಗಿ ನನ್ನ ಕೈಯಾಗ ಕೊಡ್ರಿ, ನಾನೇ ಬಾಯಾಗ ಹಾಕ್ತೀನಿ."

"ಹಂಗ ಕೊಡಾಕ ಬರಂಗಿಲ್ಲವ್ವ. ಸೂಜಿ ತಗೊಂಡ ಮ್ಯಾಲ ಲಗೂನ ಇದು ಬಿದ್ರ ಇನ್ನೂ ಒದ್ದಾಡ್ತಾನ. ಅರ್ಧ ದಿನ ತಡಕೊಂಡು ಇಲ್ಲಿಗೇ ಬರಬೇಕು. ನಾವು ನೋಡಿ ಕೊಡಬೇಕು."

"ಅರ್ಧ ದಿನ ತಡಕೊಳ್ಳೋ ಹಂಗಿದ್ರ ಹಿಂಗ್ಯಾಕ ಆಗ್ತಿತ್ರಿ?"

ಸೌಭಾಗ್ಯ ಎದ್ದಳು. ಕೇಂದ್ರಕ್ಕೆ ಬೀಗ ಹಾಕಿ ಲಕ್ಷ್ಮಿಯ ಜೊತೆ ಕೊಂಕಲ್ಲಿಗೆ ಹೋದಳು.

ಭೀಮರಾಯ ಖಾಲಿ ಚೀಲಗಳ ಮೇಲೆ ಮಲಗಿದ್ದ. ಅವಳನ್ನು ಕಂಡು ಎದ್ದು ಕೂತು, ಅಂಗಿಯ ತೋಳು ಕೆಳಗೆ ಎಳೆದುಕೊಂಡ.

"ಔಷಧಿ ಬಂದದ ತಮ್ಮಾ. ಬೇಕಾದಷ್ಟು ಅದ. ಈಗ ನಡಿ ನನ್ನ ಜೋಡಿ. ರಾತ್ರಿ ಲಕ್ಷ್ಮಿ ಬಾಜೂಕಿರ್ತಾಳ. ಮುಂಜಾನೆ ಕೊಡ್ತೀನಿ."

"ಬಂದು ಎಷ್ಟು ದಿನಾ ಆತ್ರಿ?"

"ಗುರುವಾರ ಬಂತು."

ಅವನು ಬೆರಳೆಣಿಸಿದಂತೆ ಮಾಡಿ ಸುಮ್ಮನೆ ನಕ್ಕ. "ಬುಧವಾರ, ಗುರುವಾರ. ಒಂದ ದಿನಾ ನೋಡ್ರಿ." ಆಮೇಲೆ ಅವಳ ಮುಖ ನೋಡಲಿಲ್ಲ. "ನಿಮ್ಮ ತಪ್ಪಲ್ರಿ ಸಿಸ್ಟರ್. ಆದ್ರ ಮತ್ತ ಅದು ಖಾಲಿ ಆದ್ರ? ಆ ನಡುಕ ಇನ್ನೊಮ್ಮಿ ನನ್ನಿಂದ ಆಗಂಗಿಲ್ರಿ."

ಇನ್ನು ಖಾಲಿಯಾಗುವುದಿಲ್ಲ ಎಂದು ಹೇಳಲು ಸೌಭಾಗ್ಯ ಬಾಯಿ ತೆರೆದಳು. ಆ ಮಾತು ಕೊಡಲು ಅವಳು ಯಾರು? ಲಕ್ಷ್ಮಿ ಅವನ ಕಾಲ ಹತ್ತಿರ ಕೂತು ಅಳುತ್ತಿದ್ದಳು. ಕೊನೆಗೆ ಅವನೇ, "ನಾಳಿ ಬರ್ತೀನ್ರಿ, ಈಗ ಹೋಗ್ರಿ," ಎಂದ.

ಭಾನುವಾರ ಸೌಭಾಗ್ಯ ಮಧ್ಯಾಹ್ನ ಎರಡರವರೆಗೆ ಬಾಗಿಲು ತೆರೆದು ಕಾದಳು. ಉಳಿದವರು ಬಂದರು, ಗುಲ್ನಾಜ್ ಬಂದಳು, ಅವನು ಬರಲಿಲ್ಲ. ಬುಧವಾರ ಲಕ್ಷ್ಮಿಯ ಫೋನ್ ಬಂತು: ಮಿಷಿನ್ ಹೊಳೆ ದಾಟಿ ರಾಯಚೂರು ಕಡೆ ಹೋಗಿದೆ, ಅವನೂ ಅದರ ಜೊತೆಗೇ, ಮೊಬೈಲ್ ಬಂದ್ ಆಗಿದೆ.

"ಆ ಕಡಿ ಇಂಥಾ ದವಾಖಾನಿ ಅದಾವೇನ್ರಿ ಅಕ್ಕಾರ?"

"ಅದಾವವ್ವ," ಎಂದಳು ಸೌಭಾಗ್ಯ. ಅವನಾಗಿಯೇ ಅಲ್ಲಿಗೆ ಹೋಗಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಸೌಭಾಗ್ಯ ರಾಯಚೂರಿನ ಕೇಂದ್ರದ ಫೋನ್ ನಂಬರು ಒಂದೊಂದೇ ಅಂಕಿಯಾಗಿ ಓದಿ ಹೇಳಿದಳು. ಲಕ್ಷ್ಮಿ ಪ್ರತಿ ಅಂಕಿಯನ್ನೂ ತಿರುಗಿ ಹೇಳುತ್ತ ಬರೆದುಕೊಂಡಳು.