ಸೋಮವಾರದ ಬುಟ್ಟಿ

ಅಫಜಲಪುರದ ಆ ಖಾಸಗಿ ಹೈಸ್ಕೂಲಿನಲ್ಲಿ ಸೋಮವಾರದ ಬುಟ್ಟಿ ಎಂದರೆ ಹೆಡ್‌ಮಿಸ್ ಶಿವಕಾಂತಾ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಮಕ್ಕಳು ಮನೆಯಿಂದ ತಂದ ರೊಟ್ಟಿಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಬೇಕು, ಕೈಗೆ ಬಂದದ್ದನ್ನು ತಿನ್ನಬೇಕು, ಯಾರ ಮನೆಯದೆಂದು ಕೇಳಬಾರದು. ಬಸವಣ್ಣನ ಹೆಸರಿನಲ್ಲಿ ಶುರುವಾದದ್ದು, ಅದಕ್ಕೇ ಸೋಮವಾರ. ಆಡಳಿತ ಮಂಡಳಿಯವರು ಫೋಟೊ ತೆಗೆಸಿ ಗೇಟಿಗೆ ಬ್ಯಾನರ್ ಕಟ್ಟಿಸಿದ್ದರು. ಬ್ಯಾನರ್ ಕಟ್ಟಿದ ಮೇಲೆ ಜಾತಿ ಹೋಯಿತೆಂದೇ ಎಲ್ಲರೂ ತಿಳಿದರು.

ಎರಡು ವರ್ಷದ ಮೇಲೆ ಒಂದು ಸೋಮವಾರ ಮಣ್ಣೂರಿನ ನಾಗಣ್ಣ ಟೀಸಿ ಕೇಳಲು ಬಂದ. ಟಂಟಂ ಆಟೊ ಓಡಿಸಿ ಮಗಳು ಸಪ್ನಾಳನ್ನು ಇಲ್ಲಿ ಓದಿಸುತ್ತಿದ್ದ. ಒಂಬತ್ತನೇ ತರಗತಿಯಲ್ಲಿ ಗಣಿತಕ್ಕೆ ಅವಳನ್ನು ಮೀರಿಸುವವರಿರಲಿಲ್ಲ.

“ಶಾಣ್ಯಾ ಹುಡುಗಿನ ಯಾಕ ಬಿಡಸ್ತೀರಿ ನಾಗಣ್ಣ?”

“ನನಗೂ ಮನಸಿಲ್ರಿ ಮೇಡಂ. ಇವತ್ತೊಂದೇ ದಿನ ಬರ್ತೇನಿ, ನಾಳಿಂದ ಬರಂಗಿಲ್ಲ ಅಂತಾಳ್ರಿ. ಬುಟ್ಟಿಗಂತ ಅವರವ್ವ ನಸುಕಿನ್ಯಾಗ ಎದ್ದು ನಾಕು ರೊಟ್ಟಿ ಬಡದು ಕಳಸ್ತಾಳ. ಸಂಜಿಕ ನಾಕಕ್ಕ ನಾಕೂ ಹೊಳ್ಳಿ ಬರ್ತಾವ. ಕೇರಿ ಮಂದಿ ನಾವು, ಮತ್ತೇನ್ ಹೇಳ್ಲಿ?”

ಶಿವಕಾಂತಾ ನಂಬಲಿಲ್ಲ. ಬುಟ್ಟಿಗೆ ಬಿದ್ದ ರೊಟ್ಟಿ ಯಾರದೆಂದು ಹೇಗೆ ಗೊತ್ತಾಗಬೇಕು? ಆಯಾ ಗುರುಬಾಯಿಯನ್ನು ಕರೆಸಿದರು.

“ಗೊತ್ತಾಗಲಾರದೇನ್ರಿ? ಉಳದೋರವು ಖಡಕ್ ರೊಟ್ಟಿ, ಹಪ್ಪಳದಂಗ ತೆಳ್ಳಗ. ಈ ಪೋರಿ ರೊಟ್ಟಿ ದಪ್ಪ, ಮ್ಯಾಲ ಅವರವ್ವನ ಬೆರಳಿನ ಗುರುತ.”

“ಮತ್ತ ಇಷ್ಟ ದಿನ ನನಗ ಯಾಕ ಹೇಳಿಲ್ಲ?”

“ನೀವ ಕೇಳಿಲ್ಲಲ್ರಿ.”

ಶಾಲೆ ಬಿಡುವ ತನಕ ತಾಳಲು ನಾಗಣ್ಣ ಒಪ್ಪಿದ. ಪ್ರತಿವಾರ ಊಟದ ಪ್ರಾರ್ಥನೆ ಹೇಳಿಸಿ ಕೋಣೆಗೆ ಮರಳುತ್ತಿದ್ದ ಶಿವಕಾಂತಾ ಅಂದು ಪಡಸಾಲೆಯಲ್ಲೇ ನಿಂತರು. ಬುಟ್ಟಿ ಸುತ್ತು ಹೊಡೆಯಿತು. ಕೈಗಳು ಬಲು ಚುರುಕು. ದಪ್ಪ ರೊಟ್ಟಿಗಳನ್ನು ಸರಿಸಿ ತೆಳ್ಳಗಿನವನ್ನೇ ಎತ್ತಿದವು. ಕೊನೆಗೆ ತಳದಲ್ಲಿ ನಾಲ್ಕು ಉಳಿದವು.

“ಒಂದೂ ಉಳಿಬಾರದು. ಎಲ್ಲಾರೂ ತಿನ್ನಬೇಕು,” ಎಂದು ಶಿವಕಾಂತಾ ಗದರಿದರು.

ಯಾರೂ ಅಲುಗಲಿಲ್ಲ. ಗೋಡೆಯ ಪಕ್ಕ ಕೂತಿದ್ದ ಸಪ್ನಾ ಎದ್ದು ನಿಂತಳು.

“ಮೇಡಂ, ನೀವ್ಯಾಕ ಒಮ್ಮೆನೂ ಬುಟ್ಟಿಗೆ ಕೈ ಹಾಕಿಲ್ರಿ?”

“ನನಗ ಸೋಮವಾರ ಒಪ್ಪತ್ತಿರ್ತದಲ್ಲವಾ. ಸಂಜಿ ತನಕ ಏನೂ ತಿನ್ನಂಗಿಲ್ಲ.”

“ಹೌದ್ರಿ. ನನ್ನ ರೊಟ್ಟಿ ಮುಂದ ಬಂದಾಗ ಶಿವಗಂಗಾಗೂ ಒಪ್ಪತ್ತೇ ಇರ್ತದ್ರಿ.”

ಎದುರು ಸಾಲಿನಲ್ಲಿ ಕೂತಿದ್ದ ಅವಳ ತರಗತಿಯ ಶಿವಗಂಗಾ ತಲೆ ತಗ್ಗಿಸಿದಳು. ಅವಳ ಬಾಯಲ್ಲಿ ಇನ್ನೂ ರೊಟ್ಟಿಯ ತುತ್ತಿತ್ತು.

ಶಿವಕಾಂತಾ ಅವರ ಮುಖ ಸುಟ್ಟಂತಾಯಿತು. ಮದುವೆಯಾದಂದಿನಿಂದ, ಇಪ್ಪತ್ತಾರು ವರ್ಷ ತಪ್ಪಿಸದ ವ್ರತ ಅದು. ಎಲ್ಲರೂ ಕೂಡಿ ಉಣ್ಣಲೆಂದು ವಾರದ ಏಳು ದಿನಗಳಲ್ಲಿ ತಾವು ಉಣ್ಣದ ದಿನವನ್ನೇ ಆರಿಸಿದ್ದರು, ಮತ್ತು ಅದು ಅವರ ಗಮನಕ್ಕೇ ಬಂದಿರಲಿಲ್ಲ. ಮಕ್ಕಳ ಗಮನಕ್ಕೆ ಬಂದಿತ್ತು. ದಿನ ಬದಲಿಸಿದರಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಸಪ್ನಾ ಇನ್ನೂ ನಿಂತೇ ಇದ್ದಳು.

ಬುಟ್ಟಿಯ ಮುಂದೆ ಕೂತು ಕೈ ಚಾಚಿದರು. ಕೈ ಅಳುಕಿತು. ಅಳುಕಿದ್ದು ವ್ರತಕ್ಕೋ ರೊಟ್ಟಿಗೋ ತಮಗೇ ತಿಳಿಯಲಿಲ್ಲ, ನಾಚಿಕೆಯಾದದ್ದು ಅದಕ್ಕೇ. ಬೆರಳಿನ ಗುರುತಿದ್ದ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡರು.

“ಬರೇ ರೊಟ್ಟಿ ಹ್ಯಾಂಗ ತಿಂತೀರಿ,” ಎಂದು ಸಪ್ನಾ ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮುಂದಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಶಿವಗಂಗಾ ಬಂದು, ಯಾರ ಮುಖವನ್ನೂ ನೋಡದೆ, ಇನ್ನೊಂದು ರೊಟ್ಟಿ ಎತ್ತಿಕೊಂಡಳು. ಉಳಿದ ಎರಡನ್ನು ಯಾರೂ ಮುಟ್ಟಲಿಲ್ಲ. ಸಪ್ನಾ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು.

ಶಾಲೆ ಬಿಟ್ಟಾಗ ನಾಗಣ್ಣ ಗೇಟಿನ ಬಳಿ ಅರ್ಜಿ ಹಿಡಿದು ನಿಂತಿದ್ದ. ಸಪ್ನಾ ಅಪ್ಪನ ಕಡೆ ಹೋಗದೆ ಶಿವಕಾಂತಾ ಅವರ ಕಡೆ ತಿರುಗಿದಳು.

“ಮುಂದಿನ ಸೋಮವಾರನೂ ತಿಂತೀರೇನ್ರಿ?”

“ತಿಂತೇನಿ.”

“ಹಂಗಾರ ಬರ್ತೇನ್ರಿ.”

ನಾಗಣ್ಣ ಅರ್ಜಿಯನ್ನು ಹರಿಯಲಿಲ್ಲ. ಮಡಿಚಿ ಕಿಸೆಯಲ್ಲಿಟ್ಟುಕೊಂಡ.