ಅಕ್ಕಣಮ್ಮನ ಚಿಟಿಕೆ ಹಿಟ್ಟು

ಮಾಳಿಗೆಯ ಮೇಲೆ ಬಿಳಿ ಸೀರೆ ಹಾಸಿ ಹಪ್ಪಳ ಹರವಿದರೆ, ಬಿಸಿಲೇ ಬಿಲ್ಲೆಬಿಲ್ಲೆಯಾಗಿ ಉದುರಿದಂತೆ ಕಾಣುತ್ತಿತ್ತು. ಆ ವರ್ಷ ನಾನು ಮಾಳಿಗೆಯ ಕೋಣೆಯಲ್ಲಿ ಕೂತು ಅರ್ಥಶಾಸ್ತ್ರ ಹುಟ್ಟಿದ ಬಗೆಯನ್ನು ಕುರಿತು ಪ್ರಬಂಧ ಬರೆಯುತ್ತಿದ್ದೆ. ಕೆಳಗೆ ಅಂಗಳದಲ್ಲಿ ಸೋದರತ್ತೆ ಸುಭದ್ರಮ್ಮ ಎಂಟು ಹೆಂಗಸರನ್ನು ಕೂಡಿಸಿಕೊಂಡು ಉದ್ದಿನ ಹಪ್ಪಳ ಮಾಡಿಸುತ್ತಿದ್ದರು.

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಕೆಲವರಿಗೆ ದೇವರ ಇಚ್ಛೆ, ರಾಜನ ಅಪ್ಪಣೆ ಎಂಬ ಉತ್ತರಗಳು ಸಾಲದಾದವು. ಗ್ರಹಗಳ ಚಲನೆಗೆ ನಿಯಮವಿದ್ದರೆ ಮನುಷ್ಯರ ಕೊಡುಕೊಳ್ಳುವಿಕೆಗೂ ಇರಬೇಕಲ್ಲ ಎಂದು ಅವರು ಹುಡುಕಲು ಹೊರಟರು. ಫ್ರಾನ್ಸಿನ ಒಬ್ಬ ವೈದ್ಯ, ಸಂಪತ್ತು ದೇಶದೊಳಗೆ ರಕ್ತದಂತೆ ಹರಿಯುತ್ತದೆ ಎಂದ. ಸ್ಕಾಟ್ಲೆಂಡಿನ ಒಬ್ಬ ಮೇಷ್ಟರು ಗುಂಡುಸೂಜಿಯ ಕೆಲಸವನ್ನು ವಿವರಿಸಿದರು: ಒಬ್ಬ ತಂತಿ ಎಳೆದು, ಒಬ್ಬ ಕತ್ತರಿಸಿ, ಒಬ್ಬ ಮೊನೆ ಮಾಡಿದರೆ ಸೂಜಿಗಳು ನೂರಾರು ಪಟ್ಟು ಹೆಚ್ಚುತ್ತವೆ. ಆ ಪುಟ ನನಗೆ ಬಾಯಿಪಾಠವಾಗಿತ್ತು.

ಅಂಗಳದ ಮಾತು ಮಾತ್ರ ನನಗೆ ಹಿಂಸೆಯಾಗಿತ್ತು. ಆ ಹೆಂಗಸರು ಸುತ್ತುಗೂಡಿ ಕೂತು, ಒಬ್ಬೊಬ್ಬರೂ ತಮ್ಮ ಹಿಟ್ಟು ತಾವೇ ಕಲಸಿ, ಕುಟ್ಟಿ, ಲಟ್ಟಿಸುತ್ತಿದ್ದರು. ಬಾಯಿಗೆ ಬಿಡುವಿರಲಿಲ್ಲ. ಎಲ್ಲರಿಗಿಂತ ಹಿರಿಯರು ಅಕ್ಕಣಮ್ಮ. ಕೈ ನಿಧಾನ. ಸಾಲದ್ದಕ್ಕೆ ಆಗಾಗ ಎದ್ದುಹೋಗಿ ಎಲ್ಲರ ಹಿಟ್ಟಿನಿಂದಲೂ ಒಂದೊಂದು ಚಿಟಿಕೆ ಕಿತ್ತು ಬಾಯಿಗೆ ಹಾಕಿಕೊಳ್ಳುವರು.

"ಅಕ್ಕಣಮ್ಮನಿಗೆ ಬಸುರಿ ಬಯಕೆ ಇನ್ನೂ ತೀರಿಲ್ಲ ಕಣ್ರೇ" ಎಂದು ಜಯಶೀಲ ರೇಗಿಸುವಳು.

"ನಿನ್ನ ಹಿಟ್ಟು ತಿಂದ್ರೆ ಬಯಕೆ ಬಿಟ್ಟೇ ಹೋಗುತ್ತೆ ಬಿಡೇ. ಇನ್ನೂ ನಾಲ್ಕೇಟು ಕುಟ್ಟು" ಎಂದು ಅಕ್ಕಣಮ್ಮ ಮುಂದೆ ಸಾಗುವರು.

ಹೀಗಿರುವಾಗ ಮದುವೆ ಛತ್ರದವರು ಹತ್ತು ದಿನದಲ್ಲಿ ಐದು ಸಾವಿರ ಹಪ್ಪಳ ಕೇಳಿದರು. ಅತ್ತೆ ಮಾಳಿಗೆ ಹತ್ತಿ ಬಂದರು. "ಓದಿದವಳು ನೀನು. ಏನಾದ್ರೂ ದಾರಿ ಹೇಳೇ."

ಹೇಳಿದೆ. ಅವರಲ್ಲಿ ಒಬ್ಬಳಾದ ಪುಟ್ಟಗೌರಿ ಎಲ್ಲರ ಪಾಲಿನ ಹಿಟ್ಟನ್ನೂ ಕಲಸಲಿ. ಇಬ್ಬರು ಕುಟ್ಟಲಿ, ಒಬ್ಬರು ಉಂಡೆ ಮಾಡಲಿ, ಮೂವರು ಲಟ್ಟಿಸಲಿ. ಸುತ್ತು ಬೇಡ, ಸಾಲಾಗಿ ಕೂರಲಿ. ಮಾತು ಬೇಡ. ಏಳು ಜನಕ್ಕೆ ಕೆಲಸ ಹಂಚಿಯಾಯಿತು. ಉಳಿದ ಅಕ್ಕಣಮ್ಮ ಕೋಲು ಹಿಡಿದು ಮಾಳಿಗೆಯ ಮೇಲೆ ಕಾಗೆ ಕಾಯಲಿ.

"ಸರಿ ತಾಯಿ" ಎಂದು ಅಕ್ಕಣಮ್ಮ ಮೆಟ್ಟಿಲು ಹತ್ತಿದರು.

ಮೂರು ದಿನ ಅಂಗಳ ಗ್ರಂಥಾಲಯದಂತಿತ್ತು. ಮಾಳಿಗೆಯಲ್ಲಿ ಬಿಸಿಲಿನ ಬಿಲ್ಲೆಗಳು ಒಂದು ಸೀರೆಯಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹರಡಿದವು. ಅತ್ತೆ ಹಿಗ್ಗಿಹೋದರು. "ಕಾಗೆ ಬೆದರಿಸೋಕೆ ಒಂದು ಕಪ್ಪು ಬಟ್ಟೆ ಕಟ್ಟಿದ್ರೆ ಸಾಕಲ್ವೇನೇ? ಮುಂದಿನ ವಾರದಿಂದ ಅಕ್ಕಣಮ್ಮನಿಗೆ ಬರಬೇಡಿ ಅಂತೀನಿ."

ಈ ಕೂಲಿ ಬಿಟ್ಟರೆ ಅಕ್ಕಣಮ್ಮನಿಗೆ ಬೇರೆ ಅನ್ನದ ದಾರಿ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ "ಹೂಂ" ಎಂದೆ.

ನಾಲ್ಕನೆಯ ದಿನ ಅತ್ತೆ ರುಚಿ ನೋಡಲೆಂದು ನಾಲ್ಕು ಹಪ್ಪಳ ಕರಿದರು. ಎಣ್ಣೆಗೆ ಬಿದ್ದದ್ದೇ ಕೆಂಪಗಾದವು. ಬಾಯಿಗಿಟ್ಟರೆ ಕಹಿ. ಹಪ್ಪಳ ಉಬ್ಬಲೆಂದು ಹಿಟ್ಟಿಗೆ ಬೆರೆಸುವ ಕ್ಷಾರದ ಉಪ್ಪು, ಅಂಗಳದವರ ಬಾಯಲ್ಲಿ ಹಪ್ಪಳ ಖಾರ, ಮಿತಿಮೀರಿತ್ತು. ಕಲಸಿದವಳು ಒಬ್ಬಳೇ ಆದ್ದರಿಂದ ಮೂರು ದಿನದ ಮಾಲೂ ಹಾಗೆಯೇ.

ಪುಟ್ಟಗೌರಿ ಅಳತೊಡಗಿದಳು. "ನನ್ನ ಕೈ ಖಾರಕ್ಕೆ ಜೋರು ಅಂತ ಅಕ್ಕಣಮ್ಮ ದಿನಾ ತಿಂದು ನೋಡಿ ಹೇಳ್ತಿದ್ರು. ಅವರು ಹೇಳ್ಲಿಲ್ಲ, ಸರಿಯಾಗಿದೆ ಅಂದ್ಕೊಂಡೆ."

"ಹಿಟ್ಟಿನ ಬಣ್ಣ ಯಾಕೋ ಹಳದಿ ಅನ್ನಿಸ್ತು" ಎಂದಳು ಲಟ್ಟಿಸುತ್ತಿದ್ದ ಜಯಶೀಲ. "ನಂದು ಲಟ್ಟಿಸೋ ಕೆಲಸ ತಾನೇ ಅಂತ ಸುಮ್ಮನಾದೆ."

ನಾನು ಮಾಳಿಗೆಗೆ ಓಡಿದೆ. "ಅಕ್ಕಣಮ್ಮ, ನಿಮಗೆ ಗೊತ್ತಾಗಲಿಲ್ವಾ?"

"ಮೊದಲ ದಿನವೇ ಒಂದು ಚೂರು ಮುರಿದು ತಿಂದೆ ತಾಯಿ. ಗೊತ್ತಾಯ್ತು."

"ಮತ್ತೆ ಹೇಳಲಿಲ್ಲ ಯಾಕೆ?"

ಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ನನ್ನತ್ತ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಮಾತಾಡಬೇಡಿ ಅಂದಿದ್ದೆಯಲ್ಲಮ್ಮ. ಕಾಗೆ ಓಡಿಸೋಳು ಕೆಳಗಿಳಿದು ಹಿಟ್ಟಿನ ಮಾತಾಡಿದ್ರೆ ಚೆನ್ನಾಗಿರುತ್ತಾ?"

ಅಂದು ಮಧ್ಯಾಹ್ನ, ನಾನು ಓದದೆ ಬಿಟ್ಟಿದ್ದ ಪುಟಗಳನ್ನು ತೆರೆದೆ. ಇಡೀ ಬದುಕು ಒಂದೇ ಸಣ್ಣ ಕೆಲಸ ಮಾಡುವವನ ಬುದ್ಧಿ ಮಂಕಾಗುತ್ತದೆಂದು ಆ ಮೇಷ್ಟರೇ ಮರುಗಿದ್ದರು. ಸಂಪತ್ತಿನ ಬಗ್ಗೆ ಬರೆಯುವ ಮೊದಲು ಅವರು ನೀತಿಶಾಸ್ತ್ರದ ಪಾಠ ಹೇಳುತ್ತಿದ್ದವರು. ಇನ್ನೊಬ್ಬನ ಜಾಗದಲ್ಲಿ ನಿಂತು ನೋಡುವ ಗುಣ ಮನುಷ್ಯನಿಗೆ ಎಲ್ಲಿಂದ ಬಂತೆಂದು ಬಹುಕಾಲ ಯೋಚಿಸಿದವರು. ನಾನು ಅರ್ಥಶಾಸ್ತ್ರದ ಹುಟ್ಟನ್ನು ಹುಡುಕಲು ಹೊರಟವಳು. ಅದನ್ನು ಹೆತ್ತ ಮನೆಯಾದ ಆ ನೀತಿಯ ಪಾಠಕ್ಕೇ ಹೋಗಿರಲಿಲ್ಲ.

ಕೆಳಗಿಳಿದು ಅತ್ತೆಗೆ ಹೇಳಿದೆ: "ಅಕ್ಕಣಮ್ಮನನ್ನ ಬಿಡಿಸೋದು ಬೇಡ ಅತ್ತೆ. ತಪ್ಪು ನನ್ನದು."

"ಐದು ಸಾವಿರ?"

"ನಾನೂ ಲಟ್ಟಿಸ್ತೀನಿ."

"ನೀನಾ!" ಎಂದು ಜಯಶೀಲ ಬಿದ್ದು ಬಿದ್ದು ನಕ್ಕಳು. ಮೂರು ದಿನಗಳಲ್ಲಿ ಆ ಅಂಗಳದಲ್ಲಿ ಕೇಳಿಸಿದ ಮೊದಲ ನಗು ಅದು. ಅತ್ತೆಯೂ ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು.

ಮರುದಿನ ಬೆಳಿಗ್ಗೆ ಹೊಸ ಹಿಟ್ಟು ಬಂತು. ಕಲಸುವುದೂ ಕುಟ್ಟುವುದೂ ಹಂಚಿಕೊಂಡೇ ನಡೆದವು, ಅಷ್ಟು ಲಾಭವನ್ನು ಯಾರೂ ಬಿಡಲಿಲ್ಲ. ಆದರೆ ಎಲ್ಲರೂ ಮತ್ತೆ ಸುತ್ತುಗೂಡಿ ಕೂತರು. ಮಣೆ ಹಿಡಿದು ನಿಂತ ನನಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಅಕ್ಕಣಮ್ಮ ಒಂದಿಷ್ಟು ಸರಿದು, ತಮ್ಮ ಪಕ್ಕದ ನೆಲವನ್ನು ತಟ್ಟಿದರು. ಕೂತೆ. ಅವರು ಬಿಟ್ಟುಕೊಟ್ಟ ಜಾಗ ಇನ್ನೂ ಬೆಚ್ಚಗಿತ್ತು.